ಪ್ರಾಸ್ಟೇಟ್ ದೊಡ್ಡದಾಗಿದೆ, ರಾತ್ರಿ ನಿದ್ದೆ ಇಲ್ಲ, ಮನೆ ಬಿಟ್ಟು ಹೊರಡಲು ಹೆದರಿಕೆ. ಏನು ಮಾಡಬಹುದು?

ಜಗಲಿಮಾಸ್ತರ, ಶಿರಸಿ:

ಎಲ್ಲರಿಗೂ ನಮಸ್ಕಾರ. ನನಗೆ 67. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಊರು ಶಿರಸಿ, ಸಿದ್ದಾಪುರದ ನಡುವೆ, ಡಾಂಬರು ರಸ್ತೆಯಿಂದ ಸುಮಾರು ಒಳಗೆ. ಮನೆಯಲ್ಲಿ ನಾನು, ಹೆಂಡತಿ, ಎರಡು ದನ. ಮಗ ಸೊಸೆ ಬೆಂಗಳೂರಿನಲ್ಲಿ.

ಪ್ರಾಸ್ಟೇಟ್ ದೊಡ್ಡದಾಗಿದೆ ಅಂತ ಗೊತ್ತಾಗಿ ವರ್ಷದ ಮೇಲಾಯಿತು. ಧಾರೆ ಸಣ್ಣ, ನಿಂತು ನಿಂತು ಬರುವುದು, ಆಯಿತು ಅಂತ ಪಂಚೆ ಸರಿಮಾಡಿಕೊಂಡ ಮೇಲೆ ಮತ್ತೆ ನಾಲ್ಕು ಹನಿ. ಹುಬ್ಬಳ್ಳಿಗೆ ಹೋಗಿ ತೋರಿಸಿದೆ. ಸ್ಕ್ಯಾನಿಂಗಿನಲ್ಲಿ ಪ್ರಾಸ್ಟೇಟ್ 48 ಗ್ರಾಂ, ಒಂದಕ್ಕೆ ಹೋಗಿ ಬಂದ ಮೇಲೂ ಒಳಗೆ ಉಳಿಯುವುದು 60 ಎಂ.ಎಲ್. ಪಿ.ಎಸ್.ಎ., ಅಂದರೆ ಪ್ರಾಸ್ಟೇಟಿಗೆ ಅಂತ ಮಾಡುವ ರಕ್ತ ಪರೀಕ್ಷೆ, 4.3. ಬೆರಳು ಹಾಕಿ ನೋಡಿ ಗಂಟುಗಿಂಟು ಏನೂ ಸಿಗಲಿಲ್ಲ ಅಂದರು. ಸಕ್ಕರೆ ಇಲ್ಲ, ಕಿಡ್ನಿ ಸರಿ ಇದೆ. ಟ್ಯಾಮ್ಸುಲೋಸಿನ್ ಅನ್ನುವ ಮಾತ್ರೆ, 0.4 ಎಂ.ಜಿ., ಕೊಟ್ಟರು. ಆಪರೇಷನ್ ಈಗ ಬೇಡ, ಪಿ.ಎಸ್.ಎ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ ಅಂದರು.

ಮಾತ್ರೆಯಿಂದ ಧಾರೆ ಸುಧಾರಿಸಿದೆ, ಸುಳ್ಳು ಹೇಳಬಾರದು. ಆದರೆ ರಾತ್ರಿ ಮೂರ್ನಾಲ್ಕು ಸಲ ಏಳುವುದು ಹಾಗೇ ಇದೆ. ಎದ್ದ ಮೇಲೆ ನಿದ್ದೆ ಹತ್ತುವುದಿಲ್ಲ. ಪಿ.ಎಸ್.ಎ. ನೆನಪಾಗುತ್ತದೆ. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ, ಅದು ನೆನಪಾಗುತ್ತದೆ. ಕೊಳೆರೋಗದ ಔಷಧಿ ಹೊಡೆಯಲು ಈ ಸಲವೂ ಜನ ಸಿಗದಿದ್ದರೆ ಅನ್ನುವುದು ನೆನಪಾಗುತ್ತದೆ. ಅಷ್ಟರಲ್ಲಿ ಮತ್ತೆ ಒಂದಕ್ಕೆ ಬಂದ ಹಾಗೆ ಆಗುತ್ತದೆ. ಹೋದರೆ ಒಂದು ಚಮಚ.

ನಿಜವಾದ ಬೇಜಾರು ಇದಲ್ಲ. ನಾನು ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವನು. ದೊಡ್ಡ ಅರ್ಥಧಾರಿ ಏನಲ್ಲ, ಸುತ್ತಮುತ್ತಲಿನ ಊರುಗಳಲ್ಲಿ ಕರೆಯುತ್ತಾರೆ. ಮಳೆಗಾಲ ಅಂದರೆ ನಮಗೆ ಅದೇ ಹಬ್ಬ. ಈ ವರ್ಷ ಎಲ್ಲ ಕಡೆಗೂ ಬರುವುದಿಲ್ಲ ಅಂತ ಹೇಳಿಬಿಟ್ಟೆ. ಕೌರವನ ಅರ್ಥ ಹೇಳುತ್ತಾ ಕೂತವನು ನಡುವೆ ಎದ್ದು ಬಚ್ಚಲಿಗೆ ಹೋಗಲಿಕ್ಕಾಗುತ್ತದಾ? ಎದುರು ಕೂತ ಕೃಷ್ಣ ಸುಮ್ನೆ ಬಿಡುತ್ತಾನಾ? ಮದುವೆ, ಉಪನಯನ ಎಲ್ಲ ಬಿಟ್ಟೆ. ಶಿರಸಿ ಪೇಟೆಗೆ ಹೋಗಬೇಕಾದರೂ ಹೊರಡುವ ಮೊದಲು ಎರಡು ಸಲ ಹೋಗಿ ಬರುತ್ತೇನೆ. ಹೆಂಡತಿಗೂ ನಿದ್ದೆ ಇಲ್ಲ. ಮಗ ದಿನಾ ಫೋನು ಮಾಡಿ ಬೆಂಗಳೂರಿಗೆ ಬಂದುಬಿಡಿ ಅನ್ನುತ್ತಾನೆ. ಬಂದರೆ ಪ್ರಾಸ್ಟೇಟ್ ಇಲ್ಲೇ ಬಿಟ್ಟು ಬರಲಿಕ್ಕಾಗುತ್ತದಾ ಅಂತ ಕೇಳಿದೆ.

ಡಾಕ್ಟರು 'ಟೆನ್ಶನ್ ಮಾಡ್ಕೋಬೇಡಿ' ಅಂದರು. ಮಾಡಿಕೊಳ್ಳದೆ ಇರುವುದು ಹೇಗೆ ಅಂತ ಚೀಟಿಯಲ್ಲಿ ಬರೆದುಕೊಡಲಿಲ್ಲ. ಮನೆಯಲ್ಲೇ ಇದ್ದುಕೊಂಡು ಇದನ್ನು ಹದಕ್ಕೆ ತಂದವರು ಯಾರಾದರೂ ಇದ್ದರೆ ಹೇಳಿ. ಉಪದೇಶ ಬೇಡ, ಮಾಡಿದ್ದು ಹೇಳಿ.


ಕುಮಟಾಸಿಸ್ಟರ್:

ಮಾಸ್ತರೆ, ನಾನು ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಡಾಕ್ಟರ್ ಅಲ್ಲ. ಮಾತ್ರೆ ಬದಲಿಸುವ ಮಾತು ನಾನು ಆಡುವುದಿಲ್ಲ. ಆದರೆ ನೀವು ಬರೆದದ್ದರಲ್ಲಿ ಒಂದು ವಿಷಯ ನನಗೆ ಕುಟುಕಿತು. ಧಾರೆ ಸುಧಾರಿಸಿದೆ, ರಾತ್ರಿ ಏಳುವುದು ಮಾತ್ರ ಹಾಗೇ ಇದೆ ಅಂದಿರಲ್ಲ, ಅಲ್ಲಿ.

ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಬುಡದಲ್ಲಿ. ಹರೆಯದಲ್ಲಿ ಒಂದು ಹಣ್ಣಡಿಕೆಯಷ್ಟು ಇರುತ್ತದೆ, ಅದರ ನಡುವೆ ಮೂತ್ರನಾಳ ಹಾದುಹೋಗುತ್ತದೆ. 60 ದಾಟಿದ ಗಂಡಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಅದು ಊದಿಕೊಂಡಿರುತ್ತದೆ. ಅದು ದಾರಿಗೆ ಅಡ್ಡ ಬಂದಿದ್ದಕ್ಕೆ ಧಾರೆ ಸಣ್ಣ. ಮಾತ್ರೆ ಅಲ್ಲಿನ ಸ್ನಾಯು ಸಡಿಲ ಮಾಡಿತು, ಧಾರೆ ಬಂತು. ಹಾಗಿದ್ದರೆ ರಾತ್ರಿ ಏಳಿಸುತ್ತಿರುವುದು ಪ್ರಾಸ್ಟೇಟೋ, ಅಥವಾ ರಾತ್ರಿ ಮೂತ್ರವೇ ಜಾಸ್ತಿ ತಯಾರಾಗುತ್ತಿದೆಯೋ? ಎರಡಕ್ಕೂ ಔಷಧಿ ಬೇರೆ ಬೇರೆ.

ನೀವು ಗಣಿತದ ಮಾಸ್ತರು, ನಿಮಗೆ ಸುಲಭ. ಅಳತೆ ಗೀಟು ಇರುವ ಪ್ಲಾಸ್ಟಿಕ್ ಜಗ್ ಒಂದನ್ನು ಬಚ್ಚಲಿನಲ್ಲಿ ಇಡಿ. ಮೂರು ದಿನ ಒಂದಕ್ಕೆ ಹೋದಾಗಲೆಲ್ಲ ಗಂಟೆ ಎಷ್ಟು, ಎಷ್ಟು ಎಂ.ಎಲ್. ಅಂತ ಬರೆಯಿರಿ. ಕುಡಿದದ್ದನ್ನೂ ಬರೆಯಿರಿ. ಮಲಗಿದ ಮೇಲಿನದನ್ನೆಲ್ಲ ಕೂಡಿಸಿ, ಬೆಳಿಗ್ಗೆ ಎದ್ದು ಮೊದಲು ಹೋಗುವುದನ್ನೂ ರಾತ್ರಿಯ ಲೆಕ್ಕಕ್ಕೇ ಹಾಕಿ. ನಿಮ್ಮ ವಯಸ್ಸಿನಲ್ಲಿ ಅದು 24 ಗಂಟೆಯ ಒಟ್ಟು ಮೂತ್ರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಂದರೆ, ರಾತ್ರಿಯ ಉತ್ಪತ್ತಿಯೇ ಜಾಸ್ತಿ ಅಂತ ಅರ್ಥ. ಪ್ರಾಸ್ಟೇಟಿನ ಮೇಲೆ ಎಲ್ಲ ತಪ್ಪು ಹೊರಿಸುವ ಹಾಗಿಲ್ಲ.

ಇನ್ನೆರಡು ಪ್ರಶ್ನೆ. ಪ್ರೆಶರ್ ಮಾತ್ರೆ ತಗೊಳ್ತೀರಾ, ಯಾವುದು? ಸಂಜೆ ಹೊತ್ತಿಗೆ ಪಾದ ಬಾತುಕೊಂಡಿರುತ್ತದಾ? ಹೆಬ್ಬೆರಳಿನಿಂದ ಕಣಕಾಲು ಒತ್ತಿ ನೋಡಿ, ಗುಳಿ ಬಿದ್ದು ಹಾಗೇ ನಿಂತರೆ ಬಾವು. ಹಗಲೆಲ್ಲ ಕಾಲಿನಲ್ಲಿ ಇಳಿದು ಕೂತ ನೀರು ಮಲಗಿದಾಗ ರಕ್ತಕ್ಕೆ ವಾಪಸು ಸೇರಿ ಮೂತ್ರವಾಗುತ್ತದೆ. ಅಮ್ಲೋಡಿಪಿನ್ ಅನ್ನುವ ಪ್ರೆಶರ್ ಮಾತ್ರೆಯಿಂದ ಕೆಲವರಿಗೆ ಹೀಗೆ ಕಾಲು ಬಾಯುತ್ತದೆ. ಮತ್ತೆ ನಿಮ್ಮ ಹೆಂಡತಿಯನ್ನು ಕೇಳಿ, ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತ ಹಾಗೆ ಆಗುತ್ತದಾ ಅಂತ. ಅದೂ ರಾತ್ರಿ ಮೂತ್ರ ಜಾಸ್ತಿ ಮಾಡುವ ಒಂದು ಕಾಯಿಲೆ.

ಪಿ.ಎಸ್.ಎ. ಬಗ್ಗೆ: 4 ದಾಟಿತು ಅಂದ ತಕ್ಷಣ ಕ್ಯಾನ್ಸರ್ ಅಲ್ಲ. ಗ್ರಂಥಿ ದೊಡ್ಡದಾದರೆ ಪಿ.ಎಸ್.ಎ. ಕೂಡ ಏರುತ್ತದೆ, ಮೂತ್ರದ ಸೋಂಕಿಗೂ ಏರುತ್ತದೆ. ಪ್ರಾಸ್ಟೇಟಿನ ಈ ಊತ ಬೆಳೆದು ಕ್ಯಾನ್ಸರ್ ಆಗುವುದೂ ಇಲ್ಲ, ಅದು ಬೇರೆಯೇ ಕಾಯಿಲೆ. ಆರು ತಿಂಗಳಿಗೆ ಮತ್ತೆ ನೋಡಿಸುವುದನ್ನು ಮಾತ್ರ ತಪ್ಪಿಸಬೇಡಿ.

ಟೆನ್ಶನ್ ವಿಷಯ ಸುಮ್ನೆ ಮಾತಿಗೆ ಹೇಳುವುದಲ್ಲ. ಹೆದರಿದಾಗ ಮೈಯಲ್ಲಿ ಬಿಡುಗಡೆಯಾಗುವ ಅಡ್ರಿನಲಿನ್ ಜಾತಿಯ ರಸ ಮೂತ್ರಕೋಶದ ಬಾಯಿಯ ಸ್ನಾಯುವನ್ನು ಬಿಗಿ ಮಾಡುತ್ತದೆ. ಟ್ಯಾಮ್ಸುಲೋಸಿನ್ ತಡೆಯುವುದು ಅದೇ ಸಂದೇಶವನ್ನು. ಅಂದರೆ ಮಾತ್ರೆ ಸಡಿಲ ಮಾಡಿದ್ದನ್ನು ನಿಮ್ಮ ಹೆದರಿಕೆ ಮತ್ತೆ ಬಿಗಿ ಮಾಡುತ್ತಿದೆ.


ಕೋಡಿಬಾಗದವ, ಕಾರವಾರ:

ಸಿಸ್ಟರ್ ಹೇಳಿದ್ದು ಸರಿ. ನಾನು 71ರ ಮುದುಕ, ಇದೇ ದೋಣಿಯಲ್ಲಿ ಬಹಳ ವರ್ಷದಿಂದ ಇದ್ದೇನೆ.

ಮಾಸ್ತರೆ, ಹೊರಡುವ ಮೊದಲು ಎರಡು ಸಲ ಹೋಗಿ ಬರುತ್ತೇನೆ ಅಂದಿರಲ್ಲ, ಆ ಚಾಳಿ ಮೊದಲು ಬಿಡಬೇಕು. ಒತ್ತಡ ಇಲ್ಲದಿದ್ದರೂ 'ಇರಲಿ ಒಂದು' ಅಂತ ಹೋಗುತ್ತಾ ಹೋದರೆ ಮೂತ್ರಕೋಶ ಸ್ವಲ್ಪ ತುಂಬಿದರೂ ಕೂಗಲು ಕಲಿಯುತ್ತದೆ. ದೊಡ್ಡವರ ಮೂತ್ರಕೋಶ 400, 500 ಎಂ.ಎಲ್. ಹಿಡಿಯುತ್ತದೆ. ಚಮಚದಷ್ಟಕ್ಕೆ ಎದ್ದು ಓಡಿದರೆ ಅದಕ್ಕೂ ಅದೇ ರೂಢಿ. ಮನೆಯಲ್ಲೇ ಕೂತವರಿಗೆ ಇದು ಜಾಸ್ತಿ, ಯಾಕಂದ್ರೆ ಬಚ್ಚಲು ನಾಲ್ಕು ಹೆಜ್ಜೆ, ಕೇಳುವವರು ಯಾರೂ ಇಲ್ಲ.

ನನಗೆ ಡಾಕ್ಟರು ಹೇಳಿಕೊಟ್ಟದ್ದು ಇದು. ಅವಸರ ಬಂದಾಗ ಓಡಬಾರದು. ಇದ್ದಲ್ಲೇ ನಿಲ್ಲಬೇಕು ಇಲ್ಲಾ ಕುರ್ಚಿಯ ಅಂಚಿಗೆ ಕೂರಬೇಕು. ಗಾಳಿ ಹೋಗದ ಹಾಗೆ ಹಿಂದಿನಿಂದ ಬಿಗಿ ಹಿಡಿಯುತ್ತೇವಲ್ಲ, ಹಾಗೆ ನಾಲ್ಕೈದು ಸಲ ಬಿಗಿ ಮಾಡಿ ಬಿಡಬೇಕು. ಉಸಿರು ಒಳಗೆ ತಗೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಬೇಕು. ಅವಸರ ಏರಿ ಇಳಿಯುತ್ತದೆ, ಇಳಿದ ಮೇಲೆ ನಿಧಾನಕ್ಕೆ ನಡೆದು ಹೋಗಬೇಕು. ಹತ್ತು ನಿಮಿಷ ತಡೆದದ್ದು ಕ್ರಮೇಣ ಹದಿನೈದಾಗುತ್ತದೆ. ಬಲವಂತ ಬೇಡ. ಮೂತ್ರ ಬಹಳ ಒಳಗೆ ಉಳಿಯುವವರು ಡಾಕ್ಟರನ್ನು ಕೇಳದೆ ಹೀಗೆ ತಡೆಯಬಾರದು. ನಿಮ್ಮ 60 ಎಂ.ಎಲ್. ದೊಡ್ಡದಲ್ಲ ಅಂತ ನನ್ನ ಅಂದಾಜು, ಆದರೂ ಒಂದು ಮಾತು ಕೇಳಿಕೊಳ್ಳಿ.

ಪಂಚೆಯ ಮೇಲಿನ ನಾಲ್ಕು ಹನಿಗೆ ಉಪಾಯ ಇದೆ. ಆದ ಮೇಲೆ ಬೀಜದ ಚೀಲದ ಹಿಂದೆ ಬೆರಳಿಟ್ಟು ಮುಂದಕ್ಕೆ ಮೆಲ್ಲಗೆ ಒತ್ತಿಕೊಂಡು ಬನ್ನಿ. ನಾಳದಲ್ಲಿ ನಿಂತದ್ದು ಹೊರಗೆ ಬೀಳುತ್ತದೆ. ಮರ್ಯಾದೆಯ ವಿಷಯ ಅಂತ ಯಾರೂ ಹೇಳಿಕೊಡುವುದಿಲ್ಲ. ಕೂತು ಮಾಡಿ, ಮುಗಿಯಿತು ಅನಿಸಿದ ಮೇಲೆ ಅರ್ಧ ನಿಮಿಷ ಬಿಟ್ಟು ಇನ್ನೊಂದು ಸಲ ಪ್ರಯತ್ನ ಮಾಡಿ. ಒಳಗೆ ಉಳಿಯುವುದು ಕಡಿಮೆ ಆಗುತ್ತದೆ.

ಒಂದು ಎಚ್ಚರಿಕೆ. ಮಳೆಗಾಲದಲ್ಲಿ ನೆಗಡಿ ಅಂತ ಅಂಗಡಿ ಮಾತ್ರೆ ನುಂಗಬೇಡಿ. ನನ್ನ ಭಾವನಿಗೆ ಹಾಗೇ ಆಯಿತು. ರಾತ್ರಿ ಒಂದು ಹನಿಯೂ ಇಳಿಯಲಿಲ್ಲ, ಹೊಟ್ಟೆ ಕೆಳಗೆ ಕಲ್ಲಿನ ಹಾಗೆ ಗಟ್ಟಿ. ಸುರಿಯುವ ಮಳೆಯಲ್ಲಿ ಕಾರು ಮಾಡಿಕೊಂಡು ಹೋಗಿ ನಳಿಗೆ ಹಾಕಿಸಿದ ಮೇಲೆ ಮನುಷ್ಯನಿಗೆ ಮಾತು ಬಂತು. ಆ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಅಂತ ಇರುತ್ತದೆ, ಒಂದು ಮೂತ್ರಕೋಶದ ಬಲ ಕುಗ್ಗಿಸುತ್ತದೆ, ಇನ್ನೊಂದು ಅದರ ಬಾಯಿ ಬಿಗಿ ಮಾಡುತ್ತದೆ. ಮಾತ್ರೆ ಪಟ್ಟಿಯ ಹಿಂದೆ ಓದಿ. ನಮ್ಮ ಜಿಲ್ಲೆಯಲ್ಲಿ ಸ್ಪೆಷಲಿಸ್ಟ್ ಬೇಕು ಅಂದರೆ ಗೋವಾಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು, ಆದರೆ ನಳಿಗೆ ಹಾಕುವುದಕ್ಕೆ ಅಷ್ಟು ದೂರ ಬೇಡ, ಹತ್ತಿರದ ತಾಲೂಕು ಆಸ್ಪತ್ರೆಯೇ ಸಾಕು. ಪೂರ್ತಿ ಕಟ್ಟಿದರೆ, ರಕ್ತ ಬಂದರೆ, ಚಳಿ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ.


ಹಿತ್ತಲಗಿಡ:

ಇಷ್ಟೆಲ್ಲ ಯಾಕೆ? ನೆಗ್ಗಿಲುಮುಳ್ಳಿನ ಕಷಾಯ ಎರಡು ಹೊತ್ತು, ಬಾಳೆದಿಂಡಿನ ರಸ ಒಂದು ಲೋಟ. ನಮ್ಮ ಅಜ್ಜ 90ರ ತನಕ ಮಾತ್ರೆಯ ಮುಖ ನೋಡಲಿಲ್ಲ. ಇಂಗ್ಲಿಷ್ ಮಾತ್ರೆ ಬಿಟ್ಟು ನೋಡಿ ಮಾಸ್ತರೆ.


ಕುಮಟಾಸಿಸ್ಟರ್:

ಕಷಾಯ ಕುಡಿಯಬೇಡಿ ಅಂತ ನಾನು ಹೇಳುವುದಿಲ್ಲ, ನಾನೂ ಕಷಾಯದ ಮನೆಯವಳೇ. ಆದರೆ ಸಂಜೆಯ ಕಷಾಯವೂ ನೀರೇ ಅಲ್ವಾ? ಕುಡಿಯುವುದಾದರೆ ಬೆಳಿಗ್ಗೆ ಕುಡಿಯಿರಿ, ಡಾಕ್ಟರಿಗೆ ಹೇಳಿ ಕುಡಿಯಿರಿ. ಮಾತ್ರೆ ನಿಲ್ಲಿಸುವ ಸಲಹೆ ಮಾತ್ರ ದಯವಿಟ್ಟು ಕೊಡಬೇಡಿ. ಅಮೆರಿಕದಲ್ಲಿ ಸಾ ಪಾಮೆಟೊ ಅನ್ನುವ ಗಿಡದ ಹಣ್ಣಿನ ಸಾರ ಇದೇ ಕಾಯಿಲೆಗೆ ಭಾರೀ ಹೆಸರು ಮಾಡಿತ್ತು. 2006ರಲ್ಲಿ, ಮತ್ತೆ 2011ರಲ್ಲಿ ಸರಿಯಾಗಿ ಪರೀಕ್ಷೆ ಮಾಡಿದರು. 2011ರಲ್ಲಿ ಮೂರು ಪಟ್ಟು ಡೋಸ್ ತನಕ ಏರಿಸಿ ನೋಡಿದರು. ಔಷಧಿಯೇ ಇಲ್ಲದ ಸುಳ್ಳು ಗುಳಿಗೆಗಿಂತ ಜಾಸ್ತಿ ಏನೂ ಕೆಲಸ ಮಾಡಲಿಲ್ಲ. ಸುಳ್ಳು ಗುಳಿಗೆ ತಗೊಂಡವರಲ್ಲೂ ಸುಮಾರು ಜನ ಆರಾಮ ಆಯಿತು ಅಂದಿದ್ದರು, ಅದೂ ನಿಜ. ಈ ಕಾಯಿಲೆ ತಾನಾಗಿ ಏರುತ್ತದೆ, ಇಳಿಯುತ್ತದೆ. ಇಳಿದಾಗ ಕುಡಿದದ್ದಕ್ಕೆ ಹೆಸರು ಬರುತ್ತದೆ.


ಯಲ್ಲಾಪುರದ ಮಗಳು:

ಮಾಸ್ತರೆ, ನನ್ನ ಅಪ್ಪನಿಗೂ ಇದೇ ಇತ್ತು. ನಮ್ಮ ಕಡೆಯ ಹಳೇ ಮನೆಗಳಲ್ಲಿ ಬಚ್ಚಲು, ಕಕ್ಕಸು ಹಿಂದೆ ಎಲ್ಲೋ ಇರುತ್ತದೆ. ಜುಲೈ ತಿಂಗಳಿನಲ್ಲಿ ರಾತ್ರಿ ಎದ್ದು ಪಾಚಿ ಹತ್ತಿದ ಅಂಗಳ ದಾಟಬೇಕು, ಕರೆಂಟು ಇರುವುದಿಲ್ಲ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬ್ಯಾಟರಿ. ಟ್ಯಾಮ್ಸುಲೋಸಿನ್ ತಗೊಂಡವರಿಗೆ ಥಟ್ಟನೆ ಎದ್ದರೆ ಬಿ.ಪಿ. ಇಳಿದು ತಲೆ ತಿರುಗಬಹುದು. ಪ್ರಾಸ್ಟೇಟಿಗಿಂತ ಸೊಂಟದ ಮೂಳೆ ಮುರಿಯುವುದು ದೊಡ್ಡ ಸಂಗತಿ. ಮಂಚದ ಪಕ್ಕ ಮುಚ್ಚಳ ಇರುವ ಯೂರಿನ್ ಪಾಟ್ ಇಡಿ. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅಪ್ಪ ಮೊದಲು 'ನಾನೇನು ರೋಗಿಯಾ' ಅಂತ ಒಪ್ಪಲೇ ಇಲ್ಲ. ಅಮ್ಮ ಒಂದು ದಿನ 'ನಿಮಗಲ್ಲ, ನನ್ನ ನಿದ್ದೆಗೆ' ಅಂದಳು. ಒಪ್ಪಿದರು. ಎದ್ದವರು ಮಂಚದ ಮೇಲೆ ಒಂದು ನಿಮಿಷ ಕೂತು ಆಮೇಲೆ ನಿಲ್ಲುವುದು.

ಇನ್ನೊಂದು, ರಾತ್ರಿ ಊಟ ನೋಡಿ. ನೀರು ಕಡಿಮೆ ಮಾಡಿದ್ದೇನೆ ಅಂತ ಎಲ್ಲರೂ ಹೇಳುತ್ತಾರೆ. ಸಾರು, ತಂಬುಳಿ, ಮಜ್ಜಿಗೆ, ಕೊನೆಗೆ ಕೈಯೊಡ್ಡಿ ಅಪ್ಪೆಹುಳಿ. ಇದೆಲ್ಲ ಯಾವ ಲೆಕ್ಕಕ್ಕೆ? ಮೇಲಿಂದ ಮಿಡಿ ಉಪ್ಪಿನಕಾಯಿ, ಹಪ್ಪಳ. ಉಪ್ಪು ಜಾಸ್ತಿ ಆದಷ್ಟೂ ದೇಹ ನೀರು ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ. ಹಾಗಂತ ಹಗಲು ನೀರು ಕುಡಿಯುವುದು ಬಿಡಬೇಡಿ. ಮಲಬದ್ಧತೆ ಆದರೆ ಅದೂ ಒಳಗಿನಿಂದ ಒತ್ತುತ್ತದೆ.


ಜಗಲಿಮಾಸ್ತರ, ಶಿರಸಿ:

ಎಲ್ಲರಿಗೂ ಋಣಿ. ಸ್ವಲ್ಪ ಸಮಯ ಬಿಟ್ಟು ಬರೆಯುತ್ತಿದ್ದೇನೆ, ಯಾಕಂದ್ರೆ ಲೆಕ್ಕ ಕೈಗೆ ಬರಬೇಕಿತ್ತು.

ಸಿಸ್ಟರ್, ಜಗ್ ಇಟ್ಟು ಬರೆದೆ. ಹೆಂಡತಿ ಆ ಜಗ್ ನೋಡಿ ಮೊಮ್ಮಕ್ಕಳು ಬಂದಾಗ ಅಟ್ಟದ ಮೇಲಿಡಿ ಅಂದಳು. ಸರಾಸರಿ 24 ಗಂಟೆಗೆ 1,900 ಎಂ.ಎಲ್., ಅದರಲ್ಲಿ ರಾತ್ರಿಯದೇ 850. ನೂರಕ್ಕೆ 45 ಹತ್ತಿರ. ಒಂದೊಂದು ಸಲ ಎದ್ದಾಗಲೂ ಇನ್ನೂರರ ಮೇಲೆ. ಹಗಲು ಮಾತ್ರ ಎಂಬತ್ತು, ತೊಂಬತ್ತು, ಕೆಲವು ಸಲ ಅದಕ್ಕಿಂತ ಕಡಿಮೆ. ರಾತ್ರಿ ನಿಜವಾಗಿ ತುಂಬಿ ಏಳುತ್ತಿದ್ದೇನೆ, ಹಗಲು ಸುಮ್ನೆ ಓಡುತ್ತಿದ್ದೇನೆ. ಎರಡು ಬೇರೆ ಬೇರೆ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡ ಹಾಗಾಗಿತ್ತು.

ಕಣಕಾಲು ಒತ್ತಿದೆ, ಗುಳಿ ನಿಂತಿತು. ಪ್ರೆಶರಿಗೆ ಅಮ್ಲೋಡಿಪಿನ್ನೇ. ಶಿರಸಿಯ ನಮ್ಮ ಹಳೇ ಡಾಕ್ಟರಿಗೆ ಹಾಳೆ ತೋರಿಸಿದೆ. ಹಾರ್ಟು ಪರೀಕ್ಷೆ ಮಾಡಿ, ಇ.ಸಿ.ಜಿ. ತೆಗೆದು, ಪ್ರೆಶರ್ ಮಾತ್ರೆ ಬೇರೆ ಬರೆದುಕೊಟ್ಟರು. ಮಧ್ಯಾಹ್ನ ಊಟದ ಮೇಲೆ ಜಗಲಿಯಲ್ಲಿ ದಿಂಬಿನ ಮೇಲೆ ಕಾಲೆತ್ತಿ ಒಂದು ಗಂಟೆ ಮಲಗು ಅಂದರು. ಸಂಜೆಯೊಳಗೆ ಆ ನೀರು ಹೊರಗೆ ಹೋಗಿಬಿಡುತ್ತದೆ. ಡಾಕ್ಟರೇ ಬರೆದುಕೊಟ್ಟ ನಿದ್ದೆ ಅಂತ ಈಗ ಮನೆಯಲ್ಲಿ ಗತ್ತಿನಿಂದ ಮಲಗುತ್ತೇನೆ.

ಅಪ್ಪೆಹುಳಿ ಮಧ್ಯಾಹ್ನಕ್ಕೆ ಹೋಯಿತು. ರಾತ್ರಿ ಅನ್ನಕ್ಕೆ ಪಲ್ಯ, ಗಟ್ಟಿ ಮೊಸರು. ಏಳು ಗಂಟೆಯ ಚಹಾ ನಿಲ್ಲಿಸಿದ್ದು ಎಲ್ಲಕ್ಕಿಂತ ಕಷ್ಟ. ಈಗ ರಾತ್ರಿ ಒಂದು ಸಲ, ಅಪರೂಪಕ್ಕೆ ಎರಡು. ಪಾಟ್ ಮಂಚದ ಕೆಳಗೆ ಇದೆ.

ಕಾರವಾರದ ಅಣ್ಣ ಹೇಳಿದ ಬಿಗಿ ಹಿಡಿಯುವ ಉಪಾಯ ಹಗಲಿಗೆ. ಶುರುವಿನಲ್ಲಿ ನಗು ಬಂತು, ಆದರೆ ಅವಸರ ಇಳಿಯುವುದು ನಿಜ. ಮೊನ್ನೆ ಪಕ್ಕದ ಊರಿನ ದೇವಸ್ಥಾನದಲ್ಲಿ ಕೂಟ ಇತ್ತು. ಕೌರವ ಬೇಡ, ಸಣ್ಣ ಅರ್ಥ ಕೊಡಿ ಅಂದೆ. ವಿದುರ ಕೊಟ್ಟರು. ಪದ್ಯ ಹಾಡುವ ಭಾಗವತರ ಹತ್ತಿರ ಮೊದಲೇ ಗುಟ್ಟಾಗಿ ಹೇಳಿದ್ದೆ, ನಾನು ಶಾಲು ಸರಿಮಾಡಿಕೊಂಡರೆ ಮುಂದಿನ ಪದ್ಯ ಎತ್ತಿಬಿಡಿ ಅಂತ. ಅವರು ನಕ್ಕು 'ಮಾಸ್ತರೆ, ನನಗೂ ಅದೇ ಮಾತ್ರೆ' ಅಂದರು! ಶಾಲು ಮುಟ್ಟುವ ಪ್ರಸಂಗ ಬರಲಿಲ್ಲ.

ಎಲೆಚುಕ್ಕಿ ಹಾಗೇ ಇದೆ. ಅದಕ್ಕೆ ಈ ಗುಂಪಿನಲ್ಲಿ ಮದ್ದಿಲ್ಲ, ಗೊತ್ತು.

ಒಂದು ಕೊನೆಯ ಪ್ರಶ್ನೆ. ದೀಪಾವಳಿ ಕಳೆದ ಮೇಲೆ ಬಲಗಣ್ಣಿನ ಪೊರೆ ತೆಗೆಸಬೇಕು. ಆಗ ಈ ಟ್ಯಾಮ್ಸುಲೋಸಿನ್ ನಿಲ್ಲಿಸಬೇಕಾ?


ಕುಮಟಾಸಿಸ್ಟರ್:

ಕೇಳಿದ್ದು ಬಹಳ ಒಳ್ಳೆಯದಾಯಿತು. ನೀವಾಗಿ ನಿಲ್ಲಿಸಬೇಡಿ, ಆದರೆ ಕಣ್ಣಿನ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಹೇಳಿ. ಈ ಮಾತ್ರೆ ಕಣ್ಣಿನ ಪಾಪೆಯ ಸ್ನಾಯುವನ್ನೂ ಸಡಿಲ ಮಾಡುತ್ತದೆ. ಆಪರೇಷನ್ ಮಾಡುವಾಗ ಪಾಪೆ ಸರಿಯಾಗಿ ಅಗಲವಾಗದೆ ಅಲುಗಾಡಬಹುದು. ಮಾತ್ರೆ ಬಿಟ್ಟ ಮೇಲೂ ಹಾಗಾಗುವುದುಂಟು, ಅದಕ್ಕೇ ಮೊದಲು ಯಾವತ್ತೋ ತಗೊಂಡು ಬಿಟ್ಟವರೂ ಹೇಳಬೇಕು. ಗೊತ್ತಿದ್ದರೆ ಅವರು ಅದಕ್ಕೆ ಬೇಕಾದ ತಯಾರಿ ಮಾಡಿಕೊಳ್ಳುತ್ತಾರೆ. ಮಾತ್ರೆಯ ಪಟ್ಟಿಯನ್ನೇ ಕಿಸೆಯಲ್ಲಿ ಹಾಕಿಕೊಂಡು ಹೋಗಿ. ಭಾಗವತರಿಗೂ ಹೇಳಿ.